ಕಚೇರಿಯಲ್ಲಿ ಹೇಳುವುದು ಯಾವಾಗ?

(ಸಯನ್‌ನ ನಮ್ಮ ಉಚಿತ ವಾಚನಾಲಯದಲ್ಲಿ ಮಹಿಳಾ ವಿಭಾಗದ ಪರವಾಗಿ ಮಾಡಿದ ಭಾಷಣ)



ಮದುವೆಯಾಗಿ ಮೂರು ತಿಂಗಳು ಕಳೆಯಿತೋ ಇಲ್ಲವೋ, ಊರಿನಿಂದ ಬರುವ ಮಾತಿನ ಕೊನೆಗೆಲ್ಲ ಒಂದು ಪ್ರಶ್ನೆ ಅಂಟಿಕೊಂಡಿರುತ್ತದೆ: "ಏನಾದರೂ ವಿಶೇಷ ಉಂಟೋ?" ಊರಿನವರು ಕೇಳಿದರೆ ನಕ್ಕು ಸುಮ್ಮನಾಗಬಹುದು. ಅದನ್ನೇ ಕಚೇರಿಯಲ್ಲಿ ಪಕ್ಕದ ಮೇಜಿನವರು ಕೇಳಿದರೆ ನಗು ಅಷ್ಟು ಸುಲಭವಾಗಿ ಬರುವುದಿಲ್ಲ. ಅಲ್ಲಿ ಉತ್ತರದ ಹಿಂದೆ ಪಗಾರವಿದೆ, ಖೋಲಿಯ ಬಾಡಿಗೆಯಿದೆ, ಊರಿಗೆ ಕಳುಹಿಸಬೇಕಾದ ಹಣವಿದೆ. ಈ ವಿಷಯ ಹೆಂಗಸರು ಹೆಂಗಸರಲ್ಲೇ ಆಡಿಕೊಳ್ಳತಕ್ಕದ್ದು, ಸಭೆಗೆ ತರಬೇಕೆ ಎಂದು ಕಾರ್ಯಕಾರಿ ಸಮಿತಿಯಲ್ಲಿ ಒಬ್ಬ ಹಿರಿಯರು ಕೇಳಿದರು. ಅವರ ಸೊಸೆಯೂ ನೌಕರಿಗೆ ಹೋಗುವವಳೇ. ಆದುದರಿಂದ ಅವರನ್ನು ಮುಂದಿನ ಸಾಲಿನಲ್ಲಿಯೇ ಕೂರಿಸಿಕೊಂಡು ಮಾತನಾಡುತ್ತಿದ್ದೇವೆ.

ಮೂರು ತಿಂಗಳು ತುಂಬುವ ತನಕ ಹೊರಗೆ ಬಾಯಿ ಬಿಡಬಾರದೆಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದರು. ದೃಷ್ಟಿಯಾಗುತ್ತದೆಂಬ ಮಾತನ್ನು ಬದಿಗಿಟ್ಟರೂ ಅದರಲ್ಲಿ ಹುರುಳಿದೆ. ಗರ್ಭ ನಿಲ್ಲದೆ ಹೋಗುವುದು ಹೆಚ್ಚಾಗಿ ಮೊದಲ ಹನ್ನೆರಡು ವಾರಗಳಲ್ಲಿಯೇ ಎಂದು ವೈದ್ಯರೂ ಹೇಳುತ್ತಾರೆ. ಆದರೆ ಅಜ್ಜಿಯಂದಿರ ಆ ನಿಯಮ ಹೊಲಕ್ಕೂ ಒಲೆಗೂ ಹೊಂದಿದ್ದು. ಅಲ್ಲಿ ಜೊತೆಗೆ ದುಡಿಯುವವರು ಓರಗಿತ್ತಿಯರು, ನಾದಿನಿಯರು. ಹೇಳದಿದ್ದರೂ ಅವರಿಗೆ ತಿಳಿಯುತ್ತಿತ್ತು, ಭಾರದ ಕೊಡ ತಾನಾಗಿಯೇ ಕೈ ಬದಲಾಗುತ್ತಿತ್ತು. ಸಯನ್ ಸ್ಟೇಶನ್ನಿನಲ್ಲಿ ಬೆಳಿಗ್ಗೆ ಎಂಟೂವರೆಯ ಗಾಡಿಗೆ ನುಗ್ಗುವವಳ ಕೊಡವನ್ನು ಯಾರು ತೆಗೆದುಕೊಳ್ಳುತ್ತಾರೆ? ವಾಂತಿ, ತಲೆಸುತ್ತು, ಸುಸ್ತು ಹೆಚ್ಚಾಗಿರುವುದೂ ಅದೇ ಮೊದಲ ಮೂರು ತಿಂಗಳಲ್ಲಿ. ಅಂದರೆ ನೆರವು ಬೇಕಾದ ಕಾಲವೂ ಅದೇ, ಗುಟ್ಟಾಗಿ ಇಡಬೇಕಾದ ಕಾಲವೂ ಅದೇ. ಇಕ್ಕಟ್ಟು ಇರುವುದು ಇಲ್ಲಿ.

ಗುಟ್ಟು ಉಳಿಯುವುದೂ ಕಷ್ಟ. ಮಧ್ಯಾಹ್ನದ ಊಟದ ಡಬ್ಬಿಯೇ ಚಾಡಿ ಹೇಳುತ್ತದೆ. ನಿನ್ನೆಯ ತನಕ ಬಂಗುಡೆಯ ಸಾರನ್ನು ಹಂಚಿ ತಿನ್ನುತ್ತಿದ್ದವಳು ಇಂದು ಅದರ ವಾಸನೆಗೆ ಎದ್ದು ಹೋದರೆ ಎದುರಿಗಿದ್ದವರಿಗೆ ಪಂಚಾಂಗ ನೋಡಬೇಕಾಗಿಲ್ಲ.

ನಮ್ಮ ಬಳಗದ ಒಬ್ಬಳು ತಂಗಿ ಎರಡನೆಯ ತಿಂಗಳಲ್ಲಿಯೇ ಊಟದ ವೇಳೆ ಒಬ್ಬ ಗೆಳತಿಯ ಕಿವಿಯಲ್ಲಿ ಹೇಳಿದಳು. ಸಂಜೆ ಐದಕ್ಕೆ ಹೆಡ್ ಕ್ಲಾರ್ಕರು ಅಭಿನಂದನೆ ಹೇಳಿದರು. ವಾರದೊಳಗೆ, ಅವಳಿಗೆಂದು ಆಗಲೇ ಗೊತ್ತಾಗಿದ್ದ ಹೊಸ ವಿಭಾಗದ ಕೆಲಸ ಬೇರೊಬ್ಬರ ಮೇಜಿಗೆ ಹೋಯಿತು. "ನಿನಗೆ ಈಗ ಯಾಕಮ್ಮ ಆ ತೊಂದರೆ" ಎಂದರಂತೆ. ಹನ್ನೊಂದನೆಯ ವಾರದಲ್ಲಿ ಗರ್ಭ ಹೋಯಿತು. ರಜೆ ಮುಗಿಸಿ ಬಂದಾಗ, ಸಂಗತಿ ತಿಳಿಯದ ಮೂವರು ಅದೇ ದಿನ "ಎಷ್ಟು ತಿಂಗಳು?" ಎಂದು ಕೇಳಿದರು. ಒಮ್ಮೆ ಹೇಳಿದ್ದಕ್ಕೆ ಹತ್ತು ಸಲ ಹೇಳಬೇಕಾಯಿತು. ಕೆಲಸ ಹೋದುದಕ್ಕಿಂತ ಆ ಮೂರು ಪ್ರಶ್ನೆಗಳೇ ಹೆಚ್ಚು ನೋಯಿಸಿದವೆಂದು ಅವಳು ನಮ್ಮಲ್ಲಿ ಹೇಳಿದ್ದಳು. ಅವಳ ಒಪ್ಪಿಗೆ ಪಡೆದೇ ಇಲ್ಲಿ ಹೇಳುತ್ತಿದ್ದೇವೆ. ಹೀಗೆ ಗರ್ಭ ಹೋದವಳಿಗೆ ಆರು ವಾರಗಳ ಸಂಬಳ ಸಹಿತ ರಜೆ ಕಾಯಿದೆಯಲ್ಲಿಯೇ ಇದೆ ಎಂಬುದು ಆಗ ಅವಳಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಅವಳು ಸ್ವಂತ ರಜೆಯನ್ನೇ ಖರ್ಚು ಮಾಡಿದಳು.

ಹಾಗಾದರೆ ಐದು ತಿಂಗಳ ತನಕ ಸೆರಗಿನಲ್ಲಿ ಮುಚ್ಚಿಡುವುದೇ ಸರಿಯೆ? ನಮ್ಮ ಅಭಿಪ್ರಾಯದಲ್ಲಿ ಅಲ್ಲ. ವೈದ್ಯರಿಗೆ ಹೇಳುವುದು ಬೇರೆ, ಮೇಲಧಿಕಾರಿಗೆ ಹೇಳುವುದು ಬೇರೆ, ಗೆಳತಿಯರಿಗೆ ಹೇಳುವುದು ಬೇರೆ. ಈ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟುವುದರಿಂದಲೇ ಗೊಂದಲ. ವೈದ್ಯರಲ್ಲಿಗೆ ಸಂಶಯ ಬಂದೊಡನೆ ಹೋಗಬೇಕು, ಹನ್ನೆರಡು ವಾರದೊಳಗೆ ಹೆಸರು ನೋಂದಾಯಿಸಬೇಕು. ಸಯನ್‌ನವರಿಗೆ ಲೋಕಮಾನ್ಯ ತಿಲಕ ಆಸ್ಪತ್ರೆ ಕಾಲ್ನಡಿಗೆಯ ದೂರದಲ್ಲಿದೆ. ಏಷ್ಯಾ ಖಂಡದಲ್ಲಿಯೇ ಮೊದಲನೆಯ ತಾಯಿಹಾಲಿನ ಬ್ಯಾಂಕನ್ನು 1989ರಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಅವರು ತೆರೆದುದು ಈ ಆಸ್ಪತ್ರೆಯಲ್ಲಿಯೇ ಎಂಬುದು ನಮ್ಮಲ್ಲಿ ಹಲವರಿಗೆ ತಿಳಿಯದು. ಆಮೇಲೆ ಮೇಲಧಿಕಾರಿ, ಮೂರು ತಿಂಗಳು ತುಂಬಿದ ಮೇಲೆ, ಹೊಟ್ಟೆ ಕಾಣುವುದಕ್ಕೆ ಮೊದಲು. ಅವರು ಊಟದ ಮೇಜಿನಿಂದ ಕೇಳಬಾರದು, ನಿಮ್ಮ ಬಾಯಿಂದಲೇ ಕೇಳಬೇಕು. ಗೆಳತಿಯರಿಗೆ ಕೊನೆಗೆ. ನಮ್ಮವರು ಮಾಡುವುದು ಸಾಮಾನ್ಯವಾಗಿ ಇದರ ತಿರುಗುಮುರುಗು.

ಇದಕ್ಕೆ ವಿನಾಯಿತಿಯುಂಟು. ಎಕ್ಸ್-ರೇ ವಿಭಾಗದಲ್ಲಿ ದುಡಿಯುವವರು, ರಾಸಾಯನಿಕ ದ್ರವಗಳ ಹಬೆ ಇರುವ ಕಾರ್ಖಾನೆಯವರು, ಸಾಂಕ್ರಾಮಿಕ ರೋಗಿಗಳ ನಡುವೆ ಇರುವ ದಾದಿಯರು, ಭಾರ ಎತ್ತುವವರು ಮೂರು ತಿಂಗಳು ಕಾಯಬಾರದು. ಶಿಶುವಿನ ಅಂಗಾಂಗಗಳು ರೂಪುಗೊಳ್ಳುವುದೇ ಆ ವಾರಗಳಲ್ಲಿ. ಅವರು ತಿಳಿದ ದಿನವೇ ಹೇಳಿ ಬೇರೆ ಕೆಲಸ ಕೇಳಬೇಕು.

ಇನ್ನು ಹೆದರಿಕೆಯ ಮಾತು. ಹೇಳಿದರೆ ಕೆಲಸದಿಂದ ತೆಗೆದಾರು ಎಂಬುದು ಹುಸಿ ಹೆದರಿಕೆಯೇನೂ ಅಲ್ಲ. ಈ ನಗರಕ್ಕೇ ಅದರ ಚರಿತ್ರೆಯಿದೆ. ಹೆರಿಗೆ ಭತ್ಯದ ಕಾಯಿದೆ ಹಿಂದೂಸ್ಥಾನದಲ್ಲಿ ಮೊದಲು ಆದುದು ಮುಂಬಯಿ ಪ್ರಾಂತದಲ್ಲಿ, 1929ರಲ್ಲಿ. ಅದರ ಹಿಂದಿನ ವರ್ಷ ವಿಧಾನ ಪರಿಷತ್ತಿನಲ್ಲಿ ಆ ಮಸೂದೆಯನ್ನು ಬೆಂಬಲಿಸಿ ಡಾ. ಅಂಬೇಡ್ಕರರು ಮಾತನಾಡಿದರು, ಹೆರಿಗೆಗೆ ಮುಂಚೆಯೂ ಆಮೇಲೂ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ ಎಂಬುದು ಅವರ ವಾದ. ಆ ದಶಕದಲ್ಲಿ ಮುಂಬಯಿ ಬಟ್ಟೆಗಿರಣಿಗಳ ಕೆಲಸಗಾರರಲ್ಲಿ ಸುಮಾರು ಐದರಲ್ಲೊಂದು ಪಾಲು ಹೆಂಗಸರಿದ್ದರು. ಮುಂದೆ ಆ ಪಾಲು ಕರಗುತ್ತ ಹೋಯಿತು. ರಾತ್ರಿ ಪಾಳಿಯ ನಿಷೇಧ, ಹೊಸ ಯಂತ್ರಗಳು ಮೊದಲಾದ ಬೇರೆ ಕಾರಣಗಳೂ ಇದ್ದುವು. ಆದರೆ ಹೆರಿಗೆಯ ಖರ್ಚು ತಮಗೆ ಬೇಡವೆಂದುಕೊಂಡ ಮಾಲಿಕರೂ ಇದ್ದರು. ಇದೇ ನಗರದಲ್ಲಿ ಮುಖ್ಯ ಕಚೇರಿಯಿದ್ದ ಏರ್ ಇಂಡಿಯಾದಲ್ಲಿ, ಮೊದಲ ಗರ್ಭ ನಿಂತೊಡನೆ ಗಗನಸಖಿಯ ನೌಕರಿ ಮುಗಿಯಿತೆಂಬ ನಿಯಮವಿತ್ತು. 1981ರಲ್ಲಿ ನರ್ಗೇಶ್ ಮಿರ್ಜಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು.

ಗುಮಾಸ್ತ ವರ್ಗದವರು ನೆನಪಿಡಬೇಕಾದುದು 1991ರ ಇನ್ನೊಂದು ತೀರ್ಪು. ನೀರಾ ಮಾಥುರ್ ಎಂಬಾಕೆ ಜೀವವಿಮಾ ನಿಗಮದಲ್ಲಿ ಸಹಾಯಕಿಯಾಗಿ ಆಯ್ಕೆಯಾದರು. ಸೇರುವಾಗ ತುಂಬಿಸಿಕೊಂಡ ಪತ್ರದಲ್ಲಿ ಗರ್ಭ, ಮುಟ್ಟಿನ ತಾರೀಖು ಮೊದಲಾದುವನ್ನು ಕೇಳುವ ಕಾಲಂಗಳಿದ್ದುವು. ಪ್ರೊಬೇಶನ್ ಕಾಲದಲ್ಲಿ ಹೆರಿಗೆಯಾಯಿತು, ಕೆಲಸದಿಂದ ತೆಗೆದರು. ತಾರೀಖನ್ನು ತಪ್ಪಾಗಿ ಬರೆದಿದ್ದಾರೆಂದು ನಿಗಮದ ವಾದ. ಇಂಥ ಪ್ರಶ್ನೆಗಳು ಹೆಣ್ಣಿನ ಮಾನಕ್ಕೆ ಕುಂದೆಂದು ಹೇಳಿ ಸುಪ್ರೀಂ ಕೋರ್ಟು ಆಕೆಯನ್ನು ಮರಳಿ ಕೆಲಸಕ್ಕೆ ಸೇರಿಸಿತು, ಆ ಕಾಲಂಗಳನ್ನು ತೆಗೆಯುವಂತೆಯೂ ಹೇಳಿತು.

ಈಗಿನ ಕಾಯಿದೆ ಏನು? 1961ರ ಹೆರಿಗೆ ಸೌಲಭ್ಯ ಕಾಯಿದೆಯ ಜಾಗದಲ್ಲಿ 2025ರ ನವೆಂಬರ್ 21ರಿಂದ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಹಕ್ಕುಗಳು ಹೆಚ್ಚುಕಡಮೆ ಹಳೆಯವೇ. ಹೆರಿಗೆಯ ನಿರೀಕ್ಷಿತ ದಿನದ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು. ಮೊದಲ ಎರಡು ಮಕ್ಕಳಿಗೆ 26 ವಾರ. ಇದರಲ್ಲಿ ಹೆರಿಗೆಗೆ ಮುಂಚೆ 8 ವಾರಗಳಿಗೆ ಮೀರಿ ತೆಗೆದುಕೊಳ್ಳುವಂತಿಲ್ಲ. ಆದುದರಿಂದ ಸೂಚನಾಪತ್ರದಲ್ಲಿ ರಜೆಯ ಆರಂಭದ ತಾರೀಖು ಬರೆಯಬೇಕು. ಮೊದಲೇ ಸೂಚನೆ ಕೊಡಲಿಲ್ಲವೆಂದು ಹಕ್ಕು ತಪ್ಪುವುದಿಲ್ಲ, ಹೆರಿಗೆಯ ನಂತರವೂ ಕೊಡಬಹುದು. ಹೆರಿಗೆ ರಜೆಯಲ್ಲಿದ್ದಾಗ ಆ ಕಾರಣಕ್ಕಾಗಿ ತೆಗೆಯುವುದು ಕಾಯಿದೆಗೆ ವಿರುದ್ಧ. ಕಂತ್ರಾಟು ನೌಕರಿಯವರು ಒಂದು ವಿಷಯ ತಿಳಿದಿರಲಿ: ಕಂತ್ರಾಟಿನ ಅವಧಿ ನಡುವೆ ಮುಗಿದರೂ ಹೆರಿಗೆ ಸೌಲಭ್ಯ ಪೂರ್ತಿ ಸಲ್ಲಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಇ.ಎಸ್.ಐ. ಇರುವವರು ಹಣವನ್ನು ಕೇಳಬೇಕಾದುದು ಮಾಲಿಕರಲ್ಲಲ್ಲ, ಇ.ಎಸ್.ಐ. ಕಚೇರಿಯಲ್ಲಿ.

ಬಾಯಿಮಾತಿನಲ್ಲಿ ಹೇಳಿದ ದಿನವೇ ಬರೆದೂ ಕೊಡಿ, ಒಂದು ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಳ್ಳಿ. ಸೂಚನೆ ಕೊಟ್ಟವಳನ್ನು ತೆಗೆದರೆ ಆ ಮುದ್ರೆಯ ತಾರೀಖು ನಿಮ್ಮ ಪರವಾಗಿ ಮಾತನಾಡುತ್ತದೆ. ಹೇಳದೆ ಇದ್ದವಳಿಗೆ "ನಮಗೆ ಗೊತ್ತೇ ಇರಲಿಲ್ಲ" ಎಂಬ ಉತ್ತರ ಸಿಗುತ್ತದೆ.

ಆದರೆ ಮಾಟುಂಗ, ಸಯನ್‌ನ ಮನೆಗಳಲ್ಲಿ ಪಾತ್ರೆ ಬಟ್ಟೆಯ ಕೆಲಸಕ್ಕೆ ಹೋಗುವ ನಮ್ಮ ಕಲಬುರ್ಗಿ, ಯಾದಗಿರಿ ಕಡೆಯ ಅಕ್ಕತಂಗಿಯರಿಗೆ ಈ 26 ವಾರಗಳಿಂದ ಏನೂ ಇಲ್ಲ. ಅವರು ಹೇಳಿದ ಮರುದಿನ ಬೇರೊಬ್ಬಳು ಬರುತ್ತಾಳೆ. ಅವರಿಗೆ ಬೇಗ ಹೇಳಿರೆಂದು ಉಪದೇಶಿಸುವ ಧೈರ್ಯ ನಮಗಿಲ್ಲ. ಮೊದಲ ಮಗುವಿಗೆ 5,000 ರೂಪಾಯಿ ಕೊಡುವ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಗೆ ಅಂಗನವಾಡಿಯಲ್ಲಿ ಹೆಸರು ಬರೆಯಿಸಿರಿ ಎಂದಷ್ಟೇ ಹೇಳಬಲ್ಲೆವು. ಅವರನ್ನು ಕೆಲಸಕ್ಕೆ ಇಟ್ಟುಕೊಂಡವರಲ್ಲಿ ಈ ಸಭೆಯಲ್ಲಿ ಕುಳಿತವರೂ ಇದ್ದಾರೆ. ಬದಲಿಗೆ ಬಂದವಳಿಗೆ, ಮೂರು ತಿಂಗಳ ಬಳಿಕ ಹಳಬಳು ಮರಳುತ್ತಾಳೆಂದು ಮೊದಲ ದಿನವೇ ಹೇಳಿಡುವುದಕ್ಕೆ ಕಾಯಿದೆ ಬೇಕಾಗಿಲ್ಲ.

ಗಂಡಸರಿಗೆ ಎರಡು ಮಾತು. ಪಕ್ಕದ ಮೇಜಿನವಳ ಬಣ್ಣ ಬಿಳಿಚಿಕೊಂಡಿದ್ದರೆ ಕಾರಣ ಕೇಳಬೇಡಿ. ಮೇಲಿನ ಕಪಾಟಿನ ಫೈಲನ್ನು ನೀವೇ ಇಳಿಸಿಕೊಡಿ. ಅವಳಾಗಿ ಹೇಳಿದರೆ ಇನ್ನೊಬ್ಬರಿಗೆ ನೀವು ಹೇಳಬೇಡಿ, ಸಂತೋಷದ ಸುದ್ದಿಯಾದರೂ ಸರಿ.

ಸೂಚನಾಪತ್ರದ ನಮೂನೆಯನ್ನು ಕನ್ನಡ, ಮರಾಠಿ, ಇಂಗ್ಲಿಷ್‌ಗಳಲ್ಲಿ ಬರೆದು ವಾಚನಾಲಯದ ಬಾಗಿಲ ಬಳಿಯ ಮೇಜಿನ ಮೇಲೆ, ದಿನಪತ್ರಿಕೆಗಳ ಕೆಳಗೆ ಇಟ್ಟಿದ್ದೇವೆ. ಯಾರು ಎಷ್ಟು ಪ್ರತಿ ಒಯ್ದರೆಂದು ನಾವು ಲೆಕ್ಕವಿಡುವುದಿಲ್ಲ.