80 ನಿಮಿಷದ ಅಮಾನತ್
ಸಮಯ ಅಲ್ಲಾಹನು ನಮಗಿತ್ತ ಅಮಾನತ್. ಕಾರವಾರ, ಅಂಕೋಲೆಯ ನಮ್ಮ ಮಕ್ಕಳು ಬರೆಯುವ ಸಿಇಟಿಯಲ್ಲಿ ವಿಷಯವೊಂದಕ್ಕೆ 60 ಪ್ರಶ್ನೆ, 80 ನಿಮಿಷ. ಎಲ್ಲ ಪ್ರಶ್ನೆಗೂ ಒಂದೇ ಅಂಕ. ಕಠಿಣ ಲೆಕ್ಕವೊಂದರ ಮುಂದೆ ಐದು ನಿಮಿಷ ಕೂತರೆ ಕೊನೆಯ ಪುಟದ ಸುಲಭ ಪ್ರಶ್ನೆಗಳ ಹಕ್ಕು ಕಸಿದಂತೆ. ಬರುವುದನ್ನು ಮೊದಲು ಮುಗಿಸಲಿ, ಬಿಟ್ಟದ್ದಕ್ಕೆ ಆಮೇಲೆ ಮರಳಲಿ. ಓಎಂಆರ್ ಹಾಳೆಯಲ್ಲೂ ಆ ಸಾಲನ್ನು ಖಾಲಿ ಬಿಡಲಿ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಕೊನೆಗೆ ಯಾವ ಸಾಲೂ ಖಾಲಿ ಉಳಿಯದಿರಲಿ. ನೀಟ್‌ನಲ್ಲಿ ಹಾಗಲ್ಲ, ತಪ್ಪಿಗೊಂದು ಅಂಕ ಹೋಗುತ್ತದೆ.

ಮಾಜಾಳಿಯ ಸರಕಾರಿ ಇಂಜಿನಿಯರಿಂಗ್ ಕಾಲೇಜು ನಮಗೆ ಹತ್ತಿರವೇ. ಸೀಟು ಸಿಗುವುದು ರ್‍ಯಾಂಕಿನಿಂದ. ಮನೆಯಲ್ಲಿ ಗಡಿಯಾರವಿಟ್ಟು ಹಳೆಯ ಪ್ರಶ್ನೆಪತ್ರಿಕೆ ಬರೆಸೋಣ. ಆ 80 ನಿಮಿಷ ಮಗಳನ್ನು ಅಡುಗೆಮನೆಗೆ, ಮಗನನ್ನು ಅಂಗಡಿಗೆ ಕರೆಯದಿರೋಣ.