ಗಾದಿ ಇಳಿದ ಮೇಲೆ



1948ರ ಮಾರ್ಚ್ 5. ಜಮ್ಮು-ಕಾಶ್ಮೀರದ ಪ್ರಧಾನಮಂತ್ರಿಯಾಗಿದ್ದ ಮೆಹರ್ ಚಂದ್ ಮಹಾಜನ್ ಅಧಿಕಾರ ಬಿಟ್ಟು ಇಳಿದರು. ಆ ಜಾಗಕ್ಕೆ ಶೇಖ್ ಅಬ್ದುಲ್ಲಾ ಬಂದರು. ಸರಿಯಾಗಿ ಮೂರು ದಿನ ಕಳೆದು, ಮಾರ್ಚ್ 8ರಂದು, ಇತ್ತ ದಖ್ಖನದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಜತ್ತದ ರಾಜೆ ವಿಜಯಸಿಂಹರಾವ್ ಡಫಳೆಯವರ ಆಳ್ವಿಕೆ ಅಂದಿಗೆ ಮುಗಿಯಿತು. ಒಂದೇ ವಾರದಲ್ಲಿ ಅಧಿಕಾರ ಕಳೆದುಕೊಂಡ ಈ ಇಬ್ಬರ ಮುಂದಿನ ಬದುಕು ಮಹಾರಾಷ್ಟ್ರ ಗಡಿಯ ನಮ್ಮ ಜತ್ತ ತಾಲೂಕಿಗೆ ಹೇಗೆ ತಾಗಿತು ಎಂಬುದನ್ನು ನೆನೆದಾಗಲೆಲ್ಲ ನನಗೆ ಬೆರಗಾಗುತ್ತದೆ.

ಮೊದಲು ನಮ್ಮ ರಾಜರ ಮಾತು. ಡಫಳೆ ಮನೆತನದ ಹೆಸರು ಬಂದದ್ದೇ ನಮ್ಮ ಡಫಳಾಪುರದಿಂದ. ವಿಜಾಪುರದ ಆದಿಲಶಾಹಿಯ ಕಾಲಕ್ಕೆ ಆ ಊರಿನ ಪಾಟೀಲಕಿ ಅವರದಾಗಿತ್ತು. ಅಲ್ಲಿಂದ ನಡೆದುಬಂದ ಗಾದಿಗೆ ವಿಜಯಸಿಂಹರಾವ್ 1928ರಲ್ಲಿ ಬಂದರು, ಇಪ್ಪತ್ತು ವರ್ಷ ಆಳಿದರು. ಗಾದಿ ಹೋದ ಮೇಲೆ ಅವರು ವಾಡೆಯ ಬಾಗಿಲು ಹಾಕಿಕೊಂಡು ಕೂರಲಿಲ್ಲ. 1962ರಲ್ಲಿ ಮಿರಜ ಕ್ಷೇತ್ರದಿಂದ ಕಾಂಗ್ರೆಸ್ಸಿನ ಉಮೇದುವಾರರಾಗಿ ಗೆದ್ದು ಲೋಕಸಭೆಗೆ ಹೋದರು. ಮುಜರೆ ಮಾಡುತ್ತಿದ್ದ ರೈತನ ಎದುರಿಗೆ ನಿಂತು ಮತ ಕೇಳುವುದು ರಾಜನಾಗಿದ್ದವನಿಗೆ ಸಣ್ಣ ಸಂಗತಿಯಲ್ಲ. ನಾನು ಅದನ್ನು ಗೌರವದಿಂದ ಕಾಣುತ್ತೇನೆ.

ನೆರೆಯ ಔಂಧದ ರಾಜ ಭವಾನರಾವ್ ಪಂತ ಪ್ರತಿನಿಧಿಯವರದು ಬೇರೆಯೇ ದಾರಿ. ಯಾರೂ ಕಿತ್ತುಕೊಳ್ಳುವ ಮೊದಲೇ ಅವರು ಅಧಿಕಾರವನ್ನು ಪ್ರಜೆಗಳ ಕೈಗೆ ಕೊಟ್ಟರು. ಗಾಂಧೀಜಿಯವರ ಸಲಹೆಯಂತೆ ರೂಪುಗೊಂಡ ಸಂವಿಧಾನ 1939ರ ಜನವರಿಯಲ್ಲಿ ಜಾರಿಗೆ ಬಂತು. ಹಳ್ಳಿಯ ಪಂಚಾಯತಿಯೇ ರಾಜ್ಯದ ಬುಡವಾಯಿತು. ಈ ಸಂಸ್ಥಾನ ನಮಗೆ ದೂರದ್ದಲ್ಲ. ಜತ್ತದ ಕಡೆಯ ಆಟಪಾಡಿ ಔಂಧದ್ದಾಗಿತ್ತು. ಇಂದು ವಿಜಯಪುರ ಜಿಲ್ಲೆಯಲ್ಲಿರುವ ಅಚ್ಚಗನ್ನಡದ ಗುಣದಾಳವೂ ಔಂಧದ್ದೇ. ಆಟಪಾಡಿಯ ಹತ್ತಿರ ಸ್ವತಂತ್ರಪುರ ಎಂಬ ಬಯಲು ಬಂದೀಖಾನೆ ಅದೇ ಕಾಲದ್ದು. ಶಿಕ್ಷೆಯಾದವರು ಗೋಡೆಯಿಲ್ಲದ ಆ ಜಾಗದಲ್ಲಿ ಹೊಲ ಉತ್ತು ಬಾಳುತ್ತಿದ್ದರು. 1957ರ ವಿ. ಶಾಂತಾರಾಮರ 'ದೋ ಆಂಖೇಂ ಬಾರಹ್ ಹಾಥ್' ಚಿತ್ರಕ್ಕೆ ಪ್ರೇರಣೆ ಇದೇ. ಭವಾನರಾವ್ 1951ರಲ್ಲಿ ತೀರಿಕೊಂಡರು. ಅವರ ಮಗ ಅಪ್ಪಾ ಪಂತ ಸ್ವತಂತ್ರ ಭಾರತದ ಪ್ರತಿನಿಧಿಯಾಗಿ ಪೂರ್ವ ಆಫ್ರಿಕಾಕ್ಕೆ ಹೋಗಿ, ಮುಂದೆ ಹಲವು ದೇಶಗಳಲ್ಲಿ ರಾಯಭಾರಿಯಾದರು.

ಈಗ ಮಹಾಜನರ ಕಡೆಗೆ ಬರೋಣ. ಕಾಶ್ಮೀರ ಬಿಟ್ಟ ಮೇಲೆ ಅವರು ನ್ಯಾಯಪೀಠಕ್ಕೆ ಮರಳಿದರು. 1954ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ ಅದೇ ವರ್ಷ ನಿವೃತ್ತರಾದರು. ಅಲ್ಲಿಗೆ ಕೈತೊಳೆದುಕೊಳ್ಳಬಹುದಿತ್ತು. ಆದರೆ 1966ರ ಅಕ್ಟೋಬರಿನಲ್ಲಿ, ವಯಸ್ಸು ಎಪ್ಪತ್ತಾರಾಗಿದ್ದಾಗ, ಮೈಸೂರು-ಮಹಾರಾಷ್ಟ್ರ ಗಡಿಯ ಆಯೋಗ ಅವರ ಹೆಗಲಿಗೆ ಬಂತು. 1967ರ ಆಗಸ್ಟಿನಲ್ಲಿ ವರದಿ ಕೊಟ್ಟರು. ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಕಡೆಯ 247 ಊರುಗಳು ಮೈಸೂರಿಗೆ ಸೇರಲಿ, ಬೆಳಗಾವಿ ನಗರ ಮೈಸೂರಿನಲ್ಲೇ ಉಳಿಯಲಿ ಎಂದರು. ಮಹಾರಾಷ್ಟ್ರ ಒಪ್ಪಲಿಲ್ಲ. ಅದೇ ಡಿಸೆಂಬರಿನಲ್ಲಿ ಮಹಾಜನರು ತೀರಿಕೊಂಡರು. ಜಾರಿಗೆ ಬರದ ಆ ವರದಿಯ ಗಡಿಗೆರೆ ಇಂದಿಗೂ ನಮ್ಮ ಅಂಗಳದಲ್ಲಿ ಹಾದುಹೋಗುತ್ತದೆ. ಒಂದೇ ಕಟ್ಟೆಯ ಮೇಲೆ ಮರಾಠಿ ಪೇಪರು ಓದುವವರು, ಕನ್ನಡ ವಚನ ಹೇಳುವವರು ಕೂಡಿ ಕೂತಿರುತ್ತಾರೆ. ಮಹಾಜನರ ಹೆಸರು ಇಬ್ಬರಿಗೂ ಗೊತ್ತು.

   

ಆದರೆ ಜತ್ತದ ಪೂರ್ವ ಭಾಗದಲ್ಲಿ ಹುಟ್ಟಿ ಬೆಳೆದವರ ಬಾಯಲ್ಲಿ ಮೊದಲು ಬರುವುದು ನೀರಿನ ಮಾತು. ಕೃಷ್ಣೆ ಕೆಳಗೆ, ನಾವು ಮೇಲೆ. ಟ್ಯಾಂಕರ್ ಬಂತೆಂದರೆ ಕೊಡಗಳು ಒಂದಕ್ಕೊಂದು ಬಡಿದು ಸದ್ದಾಗುತ್ತವೆ. ಪೈಪಿನ ತುದಿಯಿಂದ ಸೋರಿದ್ದಕ್ಕೂ ಒಬ್ಬ ಮುದುಕಿ ತಂಬಿಗೆ ಹಿಡಿದಿರುತ್ತಾಳೆ. ಈ ನೆಲಕ್ಕೆ ಬಂದು ನಡೆದವರು ರಾಜಾರಾಮಬಾಪು ಪಾಟೀಲರು. ಅವರು ಕೃಷ್ಣೆಯ ದಂಡೆಯ ಕಡೆಯವರು, ನೀರು ಕಂಡವರು, ಮಹಾರಾಷ್ಟ್ರದ ಕಂದಾಯ ಸಚಿವರಾಗಿದ್ದವರು. ಮಂತ್ರಿಗಿರಿ ಇಲ್ಲದ ದಿನಗಳಲ್ಲಿ ನಮ್ಮ ಉಮದಿಯಿಂದ ಸಾಂಗಲಿಯವರೆಗೆ, ನೂರು ಕಿಲೋಮೀಟರಿಗೂ ಮಿಕ್ಕ ದಾರಿ, ಈ ಬರಪೀಡಿತ ಸೀಮೆಗೆ ನೀರು ಬೇಕೆಂದು ಪಾದಯಾತ್ರೆ ಮಾಡಿದರು. ಸಚಿವರ ಗಾಡಿ ಎಷ್ಟೋ ಸಲ ಧೂಳೆಬ್ಬಿಸಿ ಹೋಗಿದೆ, ಜನ ಮರೆತಿದ್ದಾರೆ. ಕಾಲುನಡಿಗೆಯಲ್ಲಿ ಬಂದವರನ್ನು ಮರೆತಿಲ್ಲ. 1984ರ ಜನವರಿ 17ರಂದು ಬಾಪು ಅಗಲಿದರು. ಮಗ ಜಯಂತ ಪಾಟೀಲರು ಮುಂದೆ ರಾಜ್ಯದ ಜಲಸಂಪನ್ಮೂಲ ಸಚಿವರಾದರು. ಮ್ಹೈಸಾಳದಲ್ಲಿ ಕೃಷ್ಣೆಯನ್ನು ಎತ್ತಿ ಜತ್ತಕ್ಕೆ ಹರಿಸುವ ಯೋಜನೆಯನ್ನು, ನೀರು ಕಾಣದೆ ಉಳಿದಿದ್ದ ನಮ್ಮ ಪೂರ್ವದ ಹಳ್ಳಿಗಳಿಗೆ ಚಾಚುವ ಕೆಲಸವನ್ನು ತಮ್ಮ ಕಾಲಕ್ಕೆ ಕೈಗೆತ್ತಿಕೊಂಡರು.

ಜತ್ತದ ಪಕ್ಕದ ತಿಪ್ಪೇಹಳ್ಳಿಯಲ್ಲಿ ಒಂದು ಸಕ್ಕರೆ ಕಾರಖಾನೆಯಿದೆ. ಮೊದಲು ಅದು ರಾಜೆ ವಿಜಯಸಿಂಹ ಡಫಳೆ ಹೆಸರಿನ ಸಹಕಾರಿ ಕಾರಖಾನೆ; ಆಮೇಲೆ ರಾಜಾರಾಮಬಾಪು ಪಾಟೀಲ ಕಾರಖಾನೆಯ ಕೈಗೆ ಬಂತು. ಗಾದಿ ಇಳಿದು ಮತ ಕೇಳಿದ ರಾಜ, ಕುರ್ಚಿ ಇಳಿದು ನೀರು ಕೇಳಿದ ಮಂತ್ರಿ. ಬರದ ಸೀಮೆಯ ರೈತ ನೀರು ಸಿಕ್ಕ ವರ್ಷ ಕಬ್ಬು ಹಚ್ಚಿ, ಚಕ್ಕಡಿ ಹೇರಿಕೊಂಡು, ಈ ಇಬ್ಬರ ಹೆಸರನ್ನೂ ಹೊತ್ತ ಆ ಅಂಗಳಕ್ಕೆ ಬಂದು ತೂಕಕ್ಕೆ ಸರತಿಯಲ್ಲಿ ನಿಲ್ಲುತ್ತಾನೆ.