ಭಟ್ಟಿಯೊಳಗಿನ ಬಿಳಿ ಲೇಪ

ಮಕ್ಕಳೇ, ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಉಗರಗೋಳದ ಕಡೆ ಹೋಗಿದ್ದೀರಾ? ಅಲ್ಲಿನ ಎಲ್ಲಮ್ಮನ ಗುಡ್ಡಕ್ಕೆ ಬಂದವರು ಬಯಲಲ್ಲೇ ಮೂರು ಕಲ್ಲಿಟ್ಟು ಒಲೆ ಹೂಡುತ್ತಾರೆ. ಕಟ್ಟಿಗೆ ಒಲೆಯ ಅಡುಗೆ ಬಲ್ಲ ಅಜ್ಜಿಯರು ಪಾತ್ರೆಯನ್ನು ಬೆಂಕಿಗಿಡುವ ಮೊದಲು ಅದರ ತಳಕ್ಕೆ ಮಣ್ಣನ್ನೋ ಬೂದಿಯನ್ನೋ ಕಲಸಿ ಬಳಿಯುತ್ತಾರೆ. ಮಸಿ ಆ ಪದರಕ್ಕೆ ಹತ್ತುತ್ತದೆ, ಪಾತ್ರೆಗಲ್ಲ. ತೊಳೆದರೆ ಎರಡೂ ಒಟ್ಟಿಗೇ ಹೋಗುತ್ತವೆ. ಮಡಕೆ ಸುಡುವ ಭಟ್ಟಿಯ ಒಳಗೂ ಇಂಥದೇ ಒಂದು ಉಪಾಯ ಉಂಟು.

ಎಲ್ಲ ಭಟ್ಟಿಗೂ ಅದು ಬೇಕಿಲ್ಲ. ನಮ್ಮ ಕುಂಬಾರರು ಹೂಡುವ ಆವಿಗೆಯನ್ನೇ ನೋಡಿ. ಒಣಗಿದ ಮಡಕೆಗಳನ್ನು ಪೇರಿಸಿ, ನಡುನಡುವೆ ಕಟ್ಟಿಗೆ, ಕುಳ್ಳು ತುಂಬಿ, ಮೇಲೆ ಹುಲ್ಲು ಹೊದಿಸಿ ಕೆಸರು ಮೆತ್ತುತ್ತಾರೆ. ಒಳಗಿನ ಶಾಖ ಸುಮಾರು 700ರಿಂದ 900 ಡಿಗ್ರಿ ಸೆಲ್ಸಿಯಸ್. ಕೆಂಪು ಮಡಕೆ ಗಟ್ಟಿಯಾಗಲು ಅಷ್ಟು ಸಾಕು. ಅಲ್ಲಿ ಯಾವುದೂ ಕರಗಿ ಸುರಿಯುವುದಿಲ್ಲ.

ತೊಡಕು ಶುರುವಾಗುವುದು ಹೊಳೆಯುವ ಪಾತ್ರೆ ಮಾಡಹೊರಟಾಗ. ಉಪ್ಪಿನಕಾಯಿ ಜಾಡಿಯ ಮೇಲಿನ ಹೊಳಪು ನಿಜಕ್ಕೂ ಒಂದು ತೆಳು ಗಾಜು. ಅದಕ್ಕೆ ಗ್ಲೇಜ್ ಎನ್ನುತ್ತಾರೆ. ಮರಳಿನಲ್ಲಿರುವ ಸಿಲಿಕಾ ಒಂಟಿಯಾಗಿ ಕರಗಲು 1700 ಡಿಗ್ರಿ ದಾಟಬೇಕು. ಸುಣ್ಣವನ್ನೋ ಸೋಡಾವನ್ನೋ ಪೊಟ್ಯಾಶನ್ನೋ ಬೆರೆಸಿದರೆ ಅದು ಸೋಲುತ್ತದೆ. 1200 ಡಿಗ್ರಿಯ ಆಸುಪಾಸಿನಲ್ಲೇ ಕರಗಿ ಗಾಜಾಗುತ್ತದೆ.

ಈಗ ಯೋಚಿಸಿ. ಭಟ್ಟಿಯ ಇಟ್ಟಿಗೆಯಲ್ಲೂ ಸಿಲಿಕಾ ಇದೆ. ಕಟ್ಟಿಗೆಯ ಬೂದಿಯಲ್ಲಿ ಸುಣ್ಣವೂ ಪೊಟ್ಯಾಶೂ ಇವೆ. ಉರಿಯ ಜೊತೆ ಹಾರಿದ ಬೂದಿ ಗೋಡೆಗೆ ಅಂಟಿತೋ, ಗೋಡೆಯೇ ಗಾಜಾಗತೊಡಗಿತು! ಪಾತ್ರೆಯ ಗ್ಲೇಜ್ ಒಂದು ತೊಟ್ಟು ಅದನ್ನು ಇಟ್ಟಿರುವ ಹಲಗೆಗೆ ಇಳಿದರೂ ಸಾಕು, ಆರಿದ ಮೇಲೆ ಪಾತ್ರೆ, ಹಲಗೆ ಎರಡೂ ಒಂದೇ. ಉಳಿ, ಸುತ್ತಿಗೆ ತೆಗೆದುಕೊಂಡು ಬಿಡಿಸುತ್ತ ಕೂರಬೇಕು. ಜಾಡಿಯ ಮೇಲೆ ನಾವು ಬೇಕೆಂದು ಮಾಡಿಸುವ ಕೆಲಸವನ್ನೇ ಬೆಂಕಿ ಬೇಡದ ಕಡೆಯೂ ಮಾಡಿಬಿಡುತ್ತದೆ. ಉಪ್ಪು ಎರಚಿ ಹೊಳಪು ಬರಿಸುವ ಭಟ್ಟಿಗಳಲ್ಲಂತೂ ಕಾಟ ಇನ್ನೂ ಜೋರು. ಉಪ್ಪಿನ ಆವಿಗೆ ಪಾತ್ರೆ ಯಾವುದು, ಗೋಡೆ ಯಾವುದು ಎಂಬ ಭೇದವೇ ಇಲ್ಲ.

ಹಾಗಾಗಿ ಭಟ್ಟಿಯ ಒಳಗೆ ಬಿಳಿ ಲೇಪ ಬಳಿಯುತ್ತಾರೆ. ಅದರಲ್ಲಿ ಮುಖ್ಯವಾದದ್ದು ಅಲ್ಯುಮಿನಾ. ಅದು ಕರಗಲು 2000 ಡಿಗ್ರಿಗೂ ಹೆಚ್ಚು ಬೇಕು. ಬೂದಿಯೋ ಉಪ್ಪಿನ ಆವಿಯೋ ತಾಗಿದರೂ ಸಿಲಿಕಾದಷ್ಟು ಬೇಗ ಸೋಲುವುದಿಲ್ಲ. (ಉಂಗುರದ ಕೆಂಪು ಮಾಣಿಕ್ಯವಿದೆಯಲ್ಲ, ಅದೂ ಅಲ್ಯುಮಿನಾವೇ. ಚೂರು ಕ್ರೋಮಿಯಂ ಸೇರಿ ಕೆಂಪಾಗಿದೆ ಅಷ್ಟೇ.) ಪುಡಿ ಅಲ್ಯುಮಿನಾ ತಾನಾಗಿ ಗೋಡೆಗೆ ಹಿಡಿದು ನಿಲ್ಲದು. ಅದಕ್ಕೆ ಕೆಯೊಲಿನ್ ಎಂಬ ಬಿಳಿ ಜೇಡಿಯನ್ನೂ ನೀರನ್ನೂ ಕೂಡಿಸುತ್ತಾರೆ.

ಕೆಯೊಲಿನ್‌ಗೆ ಒಂದು ಚಾಳಿ ಇದೆ. ಅದರ ಕಣಗಳೊಳಗೆ ಹುದುಗಿರುವ ನೀರಿನಂಶ 500–600 ಡಿಗ್ರಿಯ ಸುಮಾರಿಗೆ ಹೊರಟುಹೋಗುತ್ತದೆ. ಬಿಸಿಲಿಗೆ ಒಣಗಿಸಿದರೆ ಹೋಗುವ ನೀರಲ್ಲ ಅದು. ಶಾಖ ಏರಿದಂತೆ ಜೇಡಿ ಕುಗ್ಗುತ್ತದೆ, ಲೇಪ ಬಿರಿಯುತ್ತದೆ. ಅದಕ್ಕೇ ಅನುಭವಿಗಳು ಸ್ವಲ್ಪ ಕೆಯೊಲಿನ್ ಅನ್ನು ಮೊದಲೇ ಸುಟ್ಟಿಟ್ಟುಕೊಂಡಿರುತ್ತಾರೆ. ಒಮ್ಮೆ ಸುಟ್ಟದ್ದು ಮತ್ತೆ ಅಷ್ಟಾಗಿ ಕುಗ್ಗದು. ಹಸಿಯದು ಅಂಟು ಕೊಡುತ್ತದೆ. ಎರಡನ್ನೂ ಬೆರೆಸಿ, ಕುಂಚದಿಂದ ತೆಳ್ಳಗೆ, ಒಂದು ಒಣಗಿದ ಮೇಲೆ ಇನ್ನೊಂದರಂತೆ ಬಳಿಯುತ್ತಾರೆ. ದಪ್ಪಗೆ ಮೆತ್ತಿದರೆ ಹಕ್ಕಳೆಯಾಗಿ ಏಳುತ್ತದೆ.

ಹಲಗೆಗೆ ಮಾತ್ರ ಮೇಲ್ಮೈಗಷ್ಟೇ ಲೇಪ. ಅಡಿಭಾಗ ಬೋಳಾಗಿಯೇ ಇರುತ್ತದೆ. ಏಕೆ ಹೇಳಿ? ಕೆಳಗಿನ ಸಾಲಿನಲ್ಲಿ ಇನ್ನೊಂದು ಜಾಡಿ ಸುಡುತ್ತಿರುತ್ತದೆ. ಅದರ ಗ್ಲೇಜ್ ಕರಗಿ ಅಂಟಂಟಾಗಿರುವ ಹೊತ್ತಿಗೆ ಮೇಲಿನಿಂದ ಒಂದು ಚೂರು ಲೇಪ ಉದುರಿದರೆ, ಆ ಬಿಳಿ ಗಂಟು ಜಾಡಿಯ ಮೇಲೆಯೇ ಉಳಿದುಬಿಡುತ್ತದೆ. ಅದನ್ನು ತೆಗೆಯಲು ಯಾವ ಲೇಪವೂ ಇಲ್ಲ.